ಗೋಗಿ ಅಗಸಿಯಲ್ಲಿ ತಡೆದ ಗಾಡಿ

ಬಿಳಿ ಗಾಡಿ ದೂರದಲ್ಲಿ ಕಂಡದ್ದೇ ತಡ, ತಿಮ್ಮಣ್ಣ ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದ. ಗಾಡಿ ವೇಗ ತಗ್ಗಿಸಲಿಲ್ಲ. ಹಾರ್ನ್ ಒತ್ತಿ ಹಿಡಿದು, ದಾರಿ ಬಿಡು ಎನ್ನುತ್ತಲೇ ನುಗ್ಗಿ ಬಂತು.

"ನಿಲ್ಲಂಗಿಲ್ಲ ಅದು," ಎಂದು ಚಹದಂಗಡಿಯ ಹಂಪಣ್ಣ ಕೂಗಿದ. "ಬಂಡಿ ಅಡ್ಡ ಹಾಕ್ರೋ!"

ಊರ ಹೆಬ್ಬಾಗಿಲಾದ ಅಗಸಿಯ ಬಳಿಯಿದ್ದ ಖಾಲಿ ಬಂಡಿಯನ್ನು ಜನ ರಸ್ತೆಗೆ ತಳ್ಳಿದರು. ಗಾಡಿ ಕಿರುಚಿ ನಿಂತಿತು. ಅದರ ಮಗ್ಗುಲಲ್ಲಿ ದೊಡ್ಡ ಹಸಿರು ಅಕ್ಷರಗಳು: ಮೂಕಜೀವಿ ಸೇವಾ ಬಳಗ. ಕೆಳಗೆ ಫೋನ್ ನಂಬರು. ಬೆಳಗಿನಿಂದ ಒತ್ತಿ ಒತ್ತಿ ತಿಮ್ಮಣ್ಣನಿಗೆ ಅದು ಬಾಯಿಪಾಠವಾಗಿತ್ತು.

ಅವನ ಕೆಂದ ಎತ್ತು ಹಗ್ಗ ಹರಿದುಕೊಂಡು ಹೋಗಿ, ಯಾರದೋ ಹಸಿ ಹೆಸರಿನ ಹೊಲ ಮೇಯ್ದು ಬಂದಿತ್ತು. ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಎಣ್ಣೆ ಕುಡಿಸಿದರೂ ಇಳಿಯಲಿಲ್ಲ. ದನದ ಡಾಕ್ಟರು ರಜೆಯಲ್ಲಿದ್ದರು. ಹೆಂಡತಿ ಬಾಲಮ್ಮ ನಸುಕಿನಲ್ಲೇ ಕಳೆ ತೆಗೆಯಲು ಹೋಗಿದ್ದಳು. ಅವಳ ಫೋನೂ ಬರೀ ರಿಂಗಾಗುತ್ತಿತ್ತು. ಕೆಲಸಕ್ಕೆ ಕೂತರೆ ಫೋನನ್ನು ಬುತ್ತಿಗಂಟಿನಲ್ಲಿ ಕಟ್ಟಿಟ್ಟು ಮರೆಯುವುದು ಅವಳ ಚಾಳಿ. ಈ ದಿನ ಯಾರಿಗೆ ಫೋನ್ ಹಚ್ಚಿದರೂ ಇದೇ ಹಣೆಬರಹ ಎಂದು ತಿಮ್ಮಣ್ಣ ಹಲ್ಲು ಕಡಿದಿದ್ದ.

ಕಡೆಗೊಮ್ಮೆ ಬಳಗದ ಡ್ರೈವರ್ ದೇವಿಂದ್ರ ಎತ್ತಿದ. "ಸುರಪುರ ಕಡಿ ಒಂದ ಹಳ್ಯಾಗ ಅದೀವ್ರಿ. ನಿಮ್ಮ ಕಡಿಗೇ ಹೊಂಟೇವಿ."

ತಿಮ್ಮಣ್ಣ ಎತ್ತಿನ ಕಿವಿಯಲ್ಲಿ, "ತಡಿಯಪ್ಪ, ಬರಾಕತ್ತಾರ," ಎಂದ. ಬಹಳ ಹೊತ್ತಾದ ಮೇಲೆ ದೇವಿಂದ್ರನೇ ಮತ್ತೆ ಫೋನ್ ಮಾಡಿದ.

"ಅಣ್ಣಾ, ದಾರ್ಯಾಗ ಒಂದು ಜೀವ ಸಿಕ್ಕೈತ್ರಿ. ಬಾಳ ಸೀರಿಯಸ್ ಐತಿ. ಮೊದಲ ಶಹಾಪುರಕ್ಕ ಮುಟ್ಟಿಸ್ಬೇಕು. ಆಮ್ಯಾಲೆ ನಿಮ್ಮ ಮನಿಗೆ..."

"ಯಾವ ಸಾವ್ಕಾರನ ನಾಯಿ ಸಿಕ್ಕೈತಲೇ?" ಎಂದವನೇ ತಿಮ್ಮಣ್ಣ ಫೋನ್ ಕತ್ತರಿಸಿದ. ನೆಟ್ಟಗೆ ಅಗಸಿಗೆ ಬಂದು ಇದ್ದವರ ಮುಂದೆಲ್ಲ ಹೇಳಿದ. ಸುರಪುರದ ಕಡೆಯಿಂದ ಶಹಾಪುರಕ್ಕೆ ಹೋಗುವ ಆ ಗಾಡಿ ಇದೇ ಅಗಸಿ ಹಾಯ್ದು ಹೋಗಬೇಕು.

ಊರಿಗೆ ಹೇಳಿಸಿಕೊಳ್ಳುವ ಅಗತ್ಯವೇನೂ ಇರಲಿಲ್ಲ. ಲಾರಿ ಹಾಯ್ದು ಸೊಂಟ ಮುರಿದ ನಾಯಿಯೊಂದು ಹೋದ ತಿಂಗಳು ಹಂಪಣ್ಣನ ಅಂಗಡಿಯ ಮುಂದೆಯೇ ಸಂಜೆತನಕ ನರಳಿ ಸತ್ತಿತ್ತು. ಕರೆಂಟು ಹೊಡೆದ ಮಂಗನಿಗೂ ಅದೇ ಗತಿ. ಕರೆದಾಗೆಲ್ಲ "ಬರಾಕತ್ತೇವಿ" ಎನ್ನುತ್ತಿದ್ದರು. ಬರುತ್ತಿರಲಿಲ್ಲ. ಆದರೆ ಎಲ್ಲರ ಮೊಬೈಲಿನಲ್ಲೂ ಬಳಗದ ಪಂಚಶೀಲಾ ಎಂಬ ಹುಡುಗಿ ನೀಲಿ ಕೋಟು ತೊಟ್ಟು, ನಾಯಿಮರಿ ಎತ್ತಿಕೊಂಡು ನಗುತ್ತಿದ್ದಳು. ಕೆಳಗೆ, ಕೈಲಾದಷ್ಟು ನೆರವಾಗಿ ಎಂಬ ಬರಹ.

ದೇವಿಂದ್ರ ಕಿಟಕಿಯಿಂದ ತಲೆ ಹೊರಹಾಕಿದ. ಬೆವರಿನಲ್ಲಿ ಮಿಂದಿದ್ದ. "ಬಂಡಿ ತಗೀರಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ. ಒಳಗ ಜೀವ ಐತಿ!"

"ನನ್ನ ಹಟ್ಟ್ಯಾಗಿರೋದು ಜೀವ ಅಲ್ಲೇನು? ಮೊದಲ ಎತ್ತು ನೋಡು, ಆಮ್ಯಾಲೆ ಹೋಗು."

"ಹೆಣ್ಮಗಳು ಅದಾಳ್ರಿ ಒಳಗ!"

"ಗೊತ್ತೈತಿ," ಎಂದ ಹಂಪಣ್ಣ. "ಫೋಟೋ ತೆಗಸ್ಕೊಳ್ಳಾಕಿ. ಇಳದು ಬರಾಕ ಹೇಳು ಆಕೀಗೆ!"

ಜನ ನಕ್ಕರು. ದೇವಿಂದ್ರ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ತಿಮ್ಮಣ್ಣನ ಏಟು ಅದರ ಮೇಲೆಯೇ ಬಿತ್ತು. ಹಂಪಣ್ಣ ಕೀಲಿ ಕಿತ್ತುಕೊಂಡ. ಇನ್ನಿಬ್ಬರು ಡ್ರೈವರನನ್ನು ಎಳೆದು ಚಹದಂಗಡಿಯೊಳಗೆ ತಳ್ಳಿ ಬಾಗಿಲು ಹಾಕಿದರು. ಒಳಗಿನಿಂದ ಅವನು ಒದರುತ್ತಿದ್ದುದು ಹೊರಗಿನ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ.

ಆಗ ಗಾಡಿಯ ಹಿಂಭಾಗದಿಂದ ಸದ್ದು ಬಂತು. ಧಡ್. ಧಡ್. ಯಾರೋ ತಗಡಿಗೆ ಒದ್ದಂತೆ. ದನ ಒದ್ದರೂ ತೆರೆಯದ ಹಾಗೆ ಹಿಂಬಾಗಿಲಿಗೆ ಹೊರಗಿನಿಂದ ಚಿಲಕವಿತ್ತು. ಕಿಟಕಿ ಇರಲಿಲ್ಲ.

"ದೊಡ್ಡ ಜಾತಿ ನಾಯೇ ಇರಬೇಕು," ಎಂದರು ಯಾರೋ. "ಒದಿಯಾಕ ಬಲ ಐತಿ. ಎಲ್ಲೀ ಸೀರಿಯಸ್ಸು?"

"ಆ ಹುಡುಗಿ ಯಾಕ ಬಾಯಿ ಬಿಡವಲ್ಲಳು?"

"ಏನಂತ ಬಿಡ್ತಾಳ? ನಾಚಿಕಿ ಬಂದಿರಬೇಕು."

ಮೊಬೈಲುಗಳು ಮೇಲೆದ್ದವು. ಜನ ಗಾಡಿಯ ಮುಂದೆ ನಿಂತು, ಬಳಗಕ್ಕೆ ಬೈದು, ವಿಡಿಯೋ ಮಾಡಿಕೊಂಡರು. ಧಡ್ ಧಡ್ ನಡುನಡುವೆ ಕೇಳಿಸುತ್ತಲೇ ಇತ್ತು. ಬರಬರುತ್ತ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪಕ್ಕದ ಮನೆಯ ಗೊಲ್ಲಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಓಡಿಬಂದಳು. "ತಿಮ್ಮಣ್ಣಾ, ಎತ್ತು ಹೋತೋ!"

ತಿಮ್ಮಣ್ಣನಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಕರುವಾಗಿದ್ದಾಗಿನಿಂದ ಕೈಯಾರೆ ಸಾಕಿದ ಎತ್ತು. ಈ ಗಾಡಿ ಮೊದಲೇ ಬಂದಿದ್ದರೆ, ಒಂದು ಸೂಜಿ ಚುಚ್ಚಿ ಗಾಳಿ ತೆಗೆದಿದ್ದರೆ, ಬದುಕುತ್ತಿತ್ತು.

"ನನ್ನ ಎತ್ತಿಗಿಂತ ದೊಡ್ಡ ಜೀವ ಯಾವುದೈತಿ, ನೋಡೇ ಬಿಡ್ತೀನಿ," ಎನ್ನುತ್ತ ಅವನು ಗಾಡಿಯ ಹಿಂದಕ್ಕೆ ನುಗ್ಗಿ ಚಿಲಕ ಎಳೆದ.

ನೀಲಿ ಕೋಟಿನ ಹುಡುಗಿ ಮೊಣಕಾಲೂರಿ ಬಾಗಿದ್ದಳು. ಬೆಳಕು ಬಿದ್ದಾಗ ಮೆಲ್ಲಗೆ ತಲೆ ಎತ್ತಿದಳು. ತುಟಿ ಒಡೆದು ರಕ್ತ ಬಂದಿತ್ತು. ಅವಳ ಮುಂದೆ, ನೆಲದ ಮೇಲೆ, ಮಣ್ಣು ಮೆತ್ತಿದ ಸೀರೆಯ ಹೆಂಗಸೊಬ್ಬಳು ಮಲಗಿದ್ದಳು.

"ಹಾವು ಕಡದಿತ್ತು," ಎಂದಳು ಪಂಚಶೀಲಾ. ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ. "ತಾನಾಗಿ ಉಸಿರಾಡ್ತಿರಲಿಲ್ಲ. ಬಾಯಿಗೆ ಬಾಯಿ ಹಚ್ಚಿ ನಾನೇ ಊದಾಕತ್ತಿದ್ದೆ. ಒದರಾಕ ಬಾಯಿ ಬಿಡಂಗಿರಲಿಲ್ಲ. ಅದಕ್ಕ ಕಾಲಿಲೆ ಒದ್ದೆ. ಈಗ ಊದಿ ಉಪಯೋಗಿಲ್ಲ." ಬಾಗಿಲಲ್ಲಿ ಕಿಕ್ಕಿರಿದ ಮುಖಗಳನ್ನು ಒಂದೊಂದಾಗಿ ನೋಡಿದಳು. "ರಸ್ತೆ ಬಾಜೂಕ ಬಿದ್ದಿದ್ದಳು. ಯಾರು ಅಂತ ನಮಗ ಗೊತ್ತಿಲ್ಲ. ನಿಮ್ಮೊಳಗ ಯಾರರೆ ಗುರುತು ಹಿಡೀತೀರೇನು?"

"ಬಾಲಮ್ಮ," ಎಂದ ತಿಮ್ಮಣ್ಣ. "ನಮ್ಮ ಮನ್ಯಾಕಿ."