ಕಟ್ಟಿದ ಉಸಿರು

"ನಮ್ಮ ಲಾಯದ ಒಂದು ಕುದುರೆಯೂ ಕಸಾಯಿಯವನ ಲಾರಿ ಹತ್ತೋದಿಲ್ಲ ಅಪ್ಪಾ" ಎಂದು ಮಿರಾನ್ ಮಾತು ಕೊಟ್ಟು ಹದಿನೇಳು ವರ್ಷವಾಗಿತ್ತು. ಮಾತು ಪಡೆದವನು ಮಾರನೆಯ ದಿನವೇ ಕಣ್ಣು ಮುಚ್ಚಿದ್ದ. ಕುದುರೆ ಮಾಂಸವನ್ನು ಹಸಿಯಾಗಿಯೇ ತೆಳ್ಳಗೆ ಹೆಚ್ಚಿ ಬಡಿಸುವ ಜೇಜು ದ್ವೀಪದಲ್ಲಿ, ಸವಾರಿ ಕಲಿಸುವ ಶಾಲೆ ಇಟ್ಟುಕೊಂಡು ಇಂಥ ಮಾತು ಉಳಿಸಿಕೊಳ್ಳುವುದು ಹುಡುಗಾಟವಲ್ಲ. ಮುದಿಯಾದವು, ಕುಂಟಾದವು, ಕಣ್ಣು ಹೋದವು, ಎಲ್ಲವನ್ನೂ ಅವಳು ಸಾಯುವ ತನಕ ಸಾಕಿದ್ದಳು. ಆದರೆ ಈ ಶುಕ್ರವಾರ ಮಧ್ಯಾಹ್ನ ಲಾರಿ ಬಂದು ಗೇಟಿನ ಮುಂದೆ ನಿಂತೇಬಿಟ್ಟಿತು. ಕರೆಸಿದವನು ತಮ್ಮ ತೆಹೊ.

"ಮೂರು ಜನಾನ ಕೆಡವಿದೆ ಅಕ್ಕಾ ಆ ಹನುಲ್ ಕುದುರೆ. ಅದರಲ್ಲಿ ನೀನೂ ಒಬ್ಬಳು. ನಾಳೆ ಯಾರದೋ ಮಗು ಬಿದ್ರೆ ಅಪ್ಪ ಎದ್ದು ಬಂದು ಉತ್ತರ ಹೇಳ್ತಾನಾ?"

"ಇನ್ನೊಂದು ತಿಂಗಳು ನೋಡೋಣ ಕಣೋ."

"ಚಳಿಗಾಲದಿಂದ ಇದೇ ರಾಗ. ಹೋಗಲಿ, ಒಂದೇ ಒಂದ್ಸಲ ಅದರ ಬೆನ್ನ ಮೇಲೆ ಕೂತು ಈ ಕಣ ಸುತ್ತಿ ತೋರ್ಸು. ಲಾರೀನ ಈಗಲೇ ವಾಪಸ್ ಕಳಿಸ್ತೀನಿ."

ಮಿರಾನ್ ಬಿದ್ದು ನಾಲ್ಕು ತಿಂಗಳಾಗಿ, ಮುರಿದ ಭುಜದ ಮೂಳೆ ಕೂಡಿದ್ದರೂ, ರೇಸಿನಿಂದ ಹೊರಬಿದ್ದ ಆ ಕಂದು ಹೆಣ್ಣುಕುದುರೆಯ ಹತ್ತಿರ ಹೋದರೆ ಸಾಕು, ಅದು ಕಿವಿ ಹಿಂದಕ್ಕೆ ಮಡಚಿ ಕಲ್ಲಾಗುತ್ತಿತ್ತು. ಅವಳು ತಿರುಗಿ ಕಣದೊಳಗೆ ನಡೆದಳು. ಅಲ್ಲಿ ಏಳು ವರ್ಷದ ಯೆರಿನ್ ಗಿಡ್ಡ ಕುದುರೆಯ ಮೇಲೆ ಕೂತು ಪಾಠಕ್ಕೆ ಕಾಯುತ್ತಿದ್ದಳು. ಕರಿಗಲ್ಲಿನ ಗೋಡೆಗೆ ಒರಗಿ ನೋಡುತ್ತಿದ್ದವಳು ಅವಳ ಅಜ್ಜಿ ಸುನ್‌ದೊಕ್. ಎಪ್ಪತ್ತಾರು ವರ್ಷ. ಬರೀ ಉಸಿರು ಕಟ್ಟಿಕೊಂಡು ಸಮುದ್ರದ ತಳಕ್ಕಿಳಿದು ಚಿಪ್ಪು ಕೀಳುವವಳು. ಬೆಳಗ್ಗೆಯಷ್ಟೇ ನೀರಿನಿಂದ ಎದ್ದು ಬಂದಿದ್ದಳು. ನೀರಿನೊಳಗೆ ತೊಡುವ ಮುಖವಾಡ ಒತ್ತಿದ ಗುರುತು ಹಣೆಯ ಮೇಲೆ ಇನ್ನೂ ಇತ್ತು.

ತೆಹೊ ಹನುಲ್ ಅನ್ನು ಲಾಯದಿಂದ ಹೊರಗೆ ತಂದ. ಅದೇ ಹೊತ್ತಿಗೆ ಲಾರಿಯವನು ಹಿಂದಿನ ಕಬ್ಬಿಣದ ಹಲಗೆಯನ್ನು ಧಡಾರನೆ ಕೆಳಗೆ ಬಿಟ್ಟ.

ಹಗ್ಗ ತೆಹೊನ ಅಂಗೈಯ ಚರ್ಮ ಕಿತ್ತುಕೊಂಡೇ ಹೋಯಿತು. ಹನುಲ್ ತೆರೆದಿದ್ದ ಬಾಗಿಲಿನಿಂದ ನೇರ ಕಣಕ್ಕೆ ನುಗ್ಗಿತು. ಗೋಡೆಯುದ್ದಕ್ಕೂ ಒಂದು ಸುತ್ತು, ಇನ್ನೊಂದು ಸುತ್ತು. ಪ್ರತಿ ಸುತ್ತಿಗೂ ಮಗುವಿನ ಹತ್ತಿರ ಹತ್ತಿರ. ಮಿರಾನ್ ಯೆರಿನ್‌ಳನ್ನು ಎಳೆದು ಇಳಿಸಿ ಎದೆಗವಚಿಕೊಂಡಳು. ಮುಂದೇನು ಮಾಡಬೇಕೆಂದು ಇಪ್ಪತ್ತು ವರ್ಷ ಪಾಠ ಹೇಳಿದ ತಲೆಗೆ ಹೊಳೆಯಲೇ ಇಲ್ಲ.

ಕಣದೊಳಗೆ ನಡೆದು ಬಂದವಳು ಅಜ್ಜಿ. ಓಡಲಿಲ್ಲ, ಕೂಗಲಿಲ್ಲ, ಕೈ ಬೀಸಲಿಲ್ಲ. ಮೊಮ್ಮಗಳ ಮುಂದೆ ಬಂದು, ತುಟಿ ಬಿಗಿದುಕೊಂಡು, ನಾಟಿದ ಗೂಟದ ಹಾಗೆ ನಿಂತಳು. ಮುಖ ಕೆಂಪಾಯಿತು, ಆಮೇಲೆ ಕಪ್ಪಿಟ್ಟಿತು. ಕುದುರೆ ಅವಳ ಕಡೆಗೇ ತಿರುಗಿತು. ಆಗ ಅವಳ ಬಾಯಿಂದ ಒಂದು ಸದ್ದು ಹೊರಟಿತು. ಸಿಳ್ಳೂ ಅಲ್ಲ, ನಿಟ್ಟುಸಿರೂ ಅಲ್ಲ. "ಹೋ...ಯ್..." ಎಂದು, ಸಮುದ್ರ ತನ್ನ ತಳದಿಂದಲೇ ಉಸಿರು ಬಿಟ್ಟ ಹಾಗೆ, ತೆಳ್ಳಗೆ, ಉದ್ದಕ್ಕೆ.

ಹನುಲ್ ಮೂರು ಮಾರು ದೂರದಲ್ಲಿ ನಿಂತಿತು. ಅದರ ಕಿವಿಗಳು ಒಂದೊಂದಾಗಿ ಮುಂದಕ್ಕೆ ಬಂದವು. ತಲೆ ತಗ್ಗಿತು, ಇನ್ನೂ ತಗ್ಗಿತು, ಮೂಗು ಮರಳನ್ನು ಮುಟ್ಟಿತು. ಆಮೇಲೆ ತುಟಿ ಅಲುಗಿಸುತ್ತ ಅದೂ ಅಷ್ಟೇ ಉದ್ದದ ಉಸಿರು ಬಿಟ್ಟಿತು. ದ್ವೀಪದ ಗಾಳಿ ಕೂಡ ಒಂದು ಗಳಿಗೆ ನಿಂತಂತಾಯಿತು. ಲಾರಿಯವನು ಟೋಪಿ ತೆಗೆದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

"ಅಜ್ಜೀ..." ತೆಹೊ ಕಣದೊಳಗೆ ಬಂದ. "ಏನು ಮಂತ್ರ ಹಾಕಿದ್ರಿ?"

"ಮಂತ್ರಾನೂ ಇಲ್ಲ, ಮಣ್ಣೂ ಇಲ್ಲ. ಹೆದರಿದೆ. ಹೆದರಿದ್ರೆ ನಾನು ಉಸಿರು ಕಟ್ತೀನಿ, ಅರವತ್ತು ವರ್ಷದ ಚಾಳಿ. ಕಟ್ಟಿದ ಮೇಲೆ ಬಿಡ್ಲೇಬೇಕಲ್ಲಪ್ಪ, ಬಿಡದಿದ್ರೆ ಸಾಯ್ತೀನಿ." ಅವಳು ಮಿರಾನ್ ಕಡೆ ತಿರುಗಿದಳು. "ಆದ್ರೆ ನಿನ್ನನ್ನ ಆಗಿನಿಂದ ನೋಡ್ತಿದ್ದೀನಿ ಮಗಳೇ. ನೀನು ಇನ್ನೂ ಬಿಟ್ಟಿಲ್ಲ."

ಮಿರಾನ್ ತನ್ನ ಎದೆ ಮುಟ್ಟಿ ನೋಡಿಕೊಂಡಳು. ಹಲಗೆಯ ಹಾಗೆ ಬಿಗಿದಿತ್ತು. ಇವತ್ತಲ್ಲ, ಬಿದ್ದ ದಿನದಿಂದ ಈ ಕುದುರೆಯ ಮುಂದೆ ನಿಂತಾಗೆಲ್ಲ ಹೀಗೇ. ಕಲ್ಲಾಗುತ್ತಿದ್ದುದು ಕುದುರೆಯೊಂದೇ ಅಲ್ಲ.

ಮಗುವನ್ನು ಅಜ್ಜಿಯ ಕೈಗೆ ಕೊಟ್ಟಳು. ಹನುಲ್‌ನ ಬೆನ್ನಿಗೆ ಜೀನು ಬಿಗಿದಳು. ಹತ್ತಿ ಕೂತಳು. ಹನುಲ್‌ನ ಬೆನ್ನು ಸೆಟೆಯಿತು.

"ಉಸಿರು ಬಿಡೇ!" ಅಜ್ಜಿ ಗದರಿದಳು.

ಮಿರಾನ್ ಫುಸ್ಸೆಂದು ಊದಿದಳು.

"ಥೂ! ಬಿಸಿ ಗಂಜಿ ಆರಿಸ್ತಾ ಇದ್ದೀಯಾ? ತಳದಿಂದ ಬರ್ಲಿ."

ಯೆರಿನ್ ಕಿಸಕ್ಕನೆ ನಕ್ಕಳು. ಆ ನಗುವಿಗೆ ಮಿರಾನ್‌ಗೂ ನಗು ಬಂತು. ನಗುವಿನ ಹಿಂದೆಯೇ, ನಾಲ್ಕು ತಿಂಗಳಿಂದ ಹೊಟ್ಟೆಯಲ್ಲಿ ಕೂತಿದ್ದುದೆಲ್ಲ ಒಂದೇ ಉಸಿರಾಗಿ ಹೊರಟಿತು. ತೊಡೆಗಳ ನಡುವೆ ಕುದುರೆಯ ಆ ದೊಡ್ಡ ಪಕ್ಕೆಗಳು ಅಗಲವಾಗಿ ತೆರೆದು, ನಿಧಾನಕ್ಕೆ ಇಳಿದವು. ಅಲೆ ಹಿಂದೆ ಸರಿದಾಗ ದೋಣಿ ಇಳಿಯುವ ಹಾಗೆ. ಇಷ್ಟು ವರ್ಷ ಎಷ್ಟೊಂದು ಕುದುರೆಗಳ ಮೇಲೆ ಕೂತಿದ್ದಳು, ಒಂದರ ಉಸಿರನ್ನೂ ಹೀಗೆ ತನ್ನ ಉಸಿರಿನೊಳಗೆ ಕಂಡಿರಲಿಲ್ಲ. ಹನುಲ್ ಹೆಜ್ಜೆ ಎತ್ತಿಟ್ಟಿತು.

ಒಂದು ಸುತ್ತು ಮುಗಿಯಿತು. ತೆಹೊ ಸುಲಿದ ಅಂಗೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೇಟಿನ ಕಡೆ ನಡೆದ.

ಲಾರಿ ಖಾಲಿಯೇ ವಾಪಸು ಹೋಯಿತು. ಅಪ್ಪನಿಗೆ ಕೊಟ್ಟ ಮಾತು ಉಳಿಯಿತು.