ಏಳನೇ ಪಾಠ

ಗಲ್ಫಿನಲ್ಲಿ ಮನೆಗೆಲಸಕ್ಕಿದ್ದ ಅಕ್ಕ ಪ್ರತಿ ಶುಕ್ರವಾರ ಫೋನ್ ಮಾಡುತ್ತಿದ್ದಳು. ಮಾತೆಲ್ಲ ಇಂಗ್ಲಿಷಿನಲ್ಲೇ. ಯಜಮಾನಿಗೆ ಅರ್ಥವಾಗದ ಭಾಷೆ ಆ ಮನೆಯಲ್ಲಿ ಆಡುವಂತಿರಲಿಲ್ಲ.

ಅವ್ವನಿಗೆ ಇಂಗ್ಲಿಷಿನ ಗಂಧಗಾಳಿ ಗೊತ್ತಿಲ್ಲ. ಹತ್ತನೇ ತರಗತಿ ಮುಗಿಸಿದ್ದ ಜಯಂತಿಯೇ ಕೇಳಿಸಿಕೊಂಡು ಹೇಳಬೇಕು.

"ಅಕ್ಕ ಚೆನ್ನಾಗವ್ಳಂತೆ. ಹೊಟ್ಟೆ ತುಂಬ ಊಟ ಕೊಡ್ತಾರಂತೆ. ಮೇಡಮ್ಮು ತಾಯಿ ಹಂಗೆ ನೋಡ್ಕೊತಾರಂತೆ."

"ಹರಳು ಹುರಿದಂಗೆ ಮಾತಾಡ್ತಾಳೆ ನೋಡು," ಎಂದಳು ಅವ್ವ. "ನೀನೂ ಹೋಗು."

ಅಕ್ಕನನ್ನು ಕಳಿಸಿದ್ದ ಏಜೆಂಟನೇ ಜಯಂತಿಯನ್ನೂ ತನ್ನ ಇಂಗ್ಲಿಷ್ ಕ್ಲಾಸಿಗೆ ಸೇರಿಸಿಕೊಂಡ. ಮೊದಲ ವಾರವೆಲ್ಲ ಪಾತ್ರೆ, ತರಕಾರಿಗಳ ಹೆಸರಿನಲ್ಲೇ ಕಳೆಯಿತು. ಎರಡನೇ ವಾರ ಟೀಚರ್ ಏಳನೇ ಪಾಠ ತೆಗೆಸಿದರು.

"ಮನೆಗೆ ಫೋನ್ ಮಾಡೋದು ಹೇಗೆ ಅಂತ ಇದೆ. ಎಲ್ಲರಿಗೂ ಬಾಯಿಪಾಠ ಆಗಬೇಕು. ನೀನು ಓದಮ್ಮ."

ಜಯಂತಿ ಎದ್ದು ನಿಂತು ಓದಿದಳು. "ಐ ಆ್ಯಮ್ ಫೈನ್. ದೇ ಗಿವ್ ಮಿ ಗುಡ್ ಫುಡ್. ಮೇಡಮ್ ಈಸ್ ಲೈಕ್ ಮೈ ಮದರ್."

"ಯಾಕೆ ನಿಲ್ಲಿಸಿದೆ? ಇನ್ನೂ ಇದೆಯಲ್ಲ."

"ಮುಂದಿನದು ನಂಗೆ ಬರುತ್ತೆ ಮಿಸ್," ಎಂದಳು ಜಯಂತಿ. ಪುಸ್ತಕ ಮುಚ್ಚಿ ಕೊನೆಯ ಸಾಲಿನವರೆಗೂ ಹೇಳಿದಳು. ಒಂದು ಪದವೂ ತಪ್ಪಲಿಲ್ಲ.

ಆ ಶುಕ್ರವಾರ ಅಕ್ಕನ ಮಾತು ಮುಗಿದ ಮೇಲೆ, ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆಯನ್ನು ಜಯಂತಿ ಇಂಗ್ಲಿಷಿನಲ್ಲೇ ಕೇಳಿದಳು: ಇವತ್ತು ಏನು ತಿಂದೆ ಅಕ್ಕ?



"ಏನಂತೆ?" ಅವ್ವ ಕೇಳಿದಳು.

ಅಷ್ಟರಲ್ಲಿ ಅಕ್ಕ ಏಳನೇ ಪಾಠವನ್ನು ಮತ್ತೆ ಮೊದಲ ಸಾಲಿನಿಂದ ಒಪ್ಪಿಸತೊಡಗಿದಳು.