ಹಾಲಿನ ಜೊತೆ ಬಂದ ದನಿಡಬ್ಬಿ

ದೋಸೆ ಮಗುಚುತ್ತಿದ್ದಾಗ ಕರೆಗಂಟೆ ಸದ್ದಾಯಿತು. ಹಾಲಿನ ಜೊತೆ ಎಂದಿನಂತೆ ದನಿಡಬ್ಬಿಯೂ ಬಂದಿತ್ತು. ಗಾರ್ಮೆಂಟ್ಸ್ ಕಾರ್ಖಾನೆಯ ನನ್ನಂಥ ಸೂಪರ್‌ವೈಸರುಗಳು ಹಿಂದಿನ ದಿನ ಕೈಕೆಳಗಿನವರಿಗೆ ಆಡಿದ ಮಾತು ಅದರಲ್ಲಿರುತ್ತದೆ; ಅದನ್ನು ಮನೆಯಲ್ಲಿ ಕೇಳಿಸಿಕೊಂಡೇ ಕೆಲಸಕ್ಕೆ ಹೊರಡಬೇಕು. ಮಗಳ ಕಿವಿಗೆ ಬೀಳದಂತೆ ಕುಕ್ಕರ್ ಕೂಗುವಾಗ ಕೇಳಿ ಮುಗಿಸೋಣವೆಂದು ಮುಚ್ಚಳ ತೆಗೆದೆ. ಅಷ್ಟರಲ್ಲಿ ಸೀಟಿ ನಿಂತಿತು.

“ಮೇಡಂ, ಟಾಯ್ಲೆಟ್ಟಿಗೆ ಹೋಗ್ಬರ್ಲಾ?” ಹೊಲಿಗೆ ಸಾಲಿನ ಚಂದ್ರಮ್ಮನ ದನಿ.

“ಕಾಲರ್ ಮುಗಿಸಿ ಹೋಗು. ದಿನಾ ನಿಂದೊಂದು ನೆಪ!” ನನ್ನದೇ ದನಿ.

ತಟ್ಟೆಯ ಮುಂದಿದ್ದ ಮಗಳು ಲಿಖಿತಾ ದೋಸೆ ಮುರಿಯದೆ ಕೂತಳು. ಹೋದ ವಾರ ಮಿಸ್ ಹೊರಗೆ ಬಿಡದೆ ಇವಳ ಯೂನಿಫಾರಂ ಒದ್ದೆಯಾದಾಗ, ಶಾಲೆಗೆ ಹೋಗಿ ಜಗಳವಾಡಿದ್ದವಳು ನಾನೇ.

ನನ್ನ ಮುಖ ಕಾಣದಂತೆ ಅವಳ ಹಿಂದೆ ಕೂತು ಜಡೆ ಹೆಣೆದೆ. ರಿಬ್ಬನ್ ಕಟ್ಟುವಾಗ ಅವಳು ಕೇಳಿದಳು:

“ಅಮ್ಮಾ, ಆ ಆಂಟಿ ಸೀರೇನೂ ಒದ್ದೆ ಆಯ್ತಾ?”